ವೃದ್ಧರ ಮುಖಶುಚಿಯೂ ನೂತನ ದೃಗ್ಯಂತ್ರವೂ



ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಯಾವ ಹಳ್ಳಿಯನ್ನು ಹೊಕ್ಕರೂ ಪಡಸಾಲೆಯಲ್ಲಿ ಕುಳಿತ ಹಿರಿಯರೊಬ್ಬರು ಕಾಣಸಿಗುವರು. ಒಂದು ಕಾಲಕ್ಕೆ ಬಿಳಿಜೋಳದ ಖಡಕ್ ರೊಟ್ಟಿಯನ್ನು ಶೇಂಗಾ ಹಿಂಡಿಯೊಡನೆ ಕಡಿದುಂಡವರು ಈಗ ಅದೇ ರೊಟ್ಟಿಯನ್ನು ಮುರಿದು, ಹಾಲಿನಲ್ಲಿ ನೆನೆಯಿಟ್ಟು ನುಂಗುತ್ತಿರುವರು. ವಯಸ್ಸಾಯಿತು, ಹಲ್ಲು ಹೋದವು ಎಂದು ಮನೆಯವರು ಸುಮ್ಮನಾಗುವರು. ಪರಂತು ಹಲ್ಲು ಹೋಗುವುದು ವಯಸ್ಸಿನ ಅಪ್ಪಣೆಯಲ್ಲ. ಬಹುಮಟ್ಟಿಗೆ ಹುಳುಕಿನ ಮತ್ತು ವಸಡಿನ ರೋಗದ ಫಲವು. ಜಪಾನ್ ದೇಶದಲ್ಲಿ 80 ವರ್ಷದವರಿಗೂ 20 ಹಲ್ಲುಗಳಾದರೂ ಉಳಿದಿರಬೇಕೆಂಬ ಚಳವಳಿಯು 1989ರಲ್ಲಿಯೇ ಆರಂಭವಾಯಿತು.

ನಮ್ಮ ಸೀಮೆಗೆ ಬೇರೆ ಸಂಕಟಗಳೂ ಉಂಟು. ಇಲ್ಲಿಯ ಅನೇಕ ಬಾವಿ-ಬೋರುಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ; ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಾದ ನೀರನ್ನು ಬಾಲ್ಯದಲ್ಲಿ ಕುಡಿದವರ ಹಲ್ಲಿನ ಮೇಲೆ ಕಂದು ಕಲೆಗಳು ನಿಲ್ಲುವವು. ಅದು ಕೊಳೆಯಲ್ಲ. ಅದನ್ನು ಇಟ್ಟಿಗೆಪುಡಿಯಿಂದಲೂ ಬೂದಿಯಿಂದಲೂ ತಿಕ್ಕಿ ತಿಕ್ಕಿ ಹಲ್ಲನ್ನೇ ಸವೆಸಿಕೊಂಡವರು ಉಂಟು. ಹೊಗೆಸೊಪ್ಪಿನ ಮಿಶ್ರಿಯಿಂದ ಹಲ್ಲುಜ್ಜುವ ರೂಢಿಯಂತೂ ಶುಚಿಯ ಹೆಸರಿನಲ್ಲಿ ವಿಷವನ್ನು ಬಾಯಿಗಿಡುವುದೇ ಸರಿ.

ಹಲ್ಲಿಲ್ಲದವರಿಗೆ ಬಾಯಿಶುಚಿ ಏತಕ್ಕೆ ಎಂದು ಕೇಳುವವರು ಬಹಳ. ನಾಲಗೆಯ ಮೇಲೂ ವಸಡಿನ ಮೇಲೂ ಕಟ್ಟಿದ ಹುದುಗು, ನುಂಗುವ ಶಕ್ತಿ ಕುಂದಿದವರಲ್ಲಿ ಎಂಜಲಿನೊಡನೆ ಶ್ವಾಸನಾಳಕ್ಕಿಳಿದು ನ್ಯುಮೋನಿಯಾವನ್ನು ತರುವುದು. ಜಪಾನಿನ 11 ವೃದ್ಧಾಲಯಗಳಲ್ಲಿ ಎರಡು ವರ್ಷ ನಡೆಸಿದ ಪರೀಕ್ಷೆಯ ವರದಿಯು 2002ರಲ್ಲಿ ಪ್ರಕಟವಾಯಿತು. ಪರಿಚಾರಕರು ಪ್ರತಿ ಊಟದ ಬಳಿಕ ಬಾಯಿ ಶುಚಿಮಾಡಿದವರಲ್ಲಿ ನೂರಕ್ಕೆ 11 ಮಂದಿಗೆ ಈ ರೋಗ ತಗಲಿತು. ಹಾಗೆ ಮಾಡಿಸಿಕೊಳ್ಳದವರಲ್ಲಿ ನೂರಕ್ಕೆ 19 ಮಂದಿಗೆ. ಒಂದು ಕುಂಚಿಗೆಯೂ ಒಂದು ತುಂಡು ಬಟ್ಟೆಯೂ ಮಾಡಿದ ಉಪಕಾರವಿದು!

ಆದರೆ ಇದನ್ನು ಮಾಡುವವರಾರು? ಹರೆಯದವರು ಬೆಂಗಳೂರಿಗೆ ಗುಳೆ ಹೋಗಿರುವರು. ಮನೆಯಲ್ಲಿ ಉಳಿದ ಸೊಸೆಗೋ ಮೊಮ್ಮಗಳಿಗೋ ಆಶಾ ಕಾರ್ಯಕರ್ತೆಗೋ ಕಲಿಸಬೇಕೆಂದರೆ, ಬಾಯಿಯೆಂಬುದು ಕತ್ತಲೆಯ ಗವಿ. ಕಲಿಸುವವನ ಕೈ ಕಂಡೀತೇ ಹೊರತು ಕುಂಚಿಗೆಯ ತುದಿ ಎಲ್ಲಿ ತಾಗಿತೆಂಬುದು ಕಾಣದು. ಈ ಕೊರತೆಗಾಗಿಯೇ ವರ್ಚುವಲ್ ರಿಯಾಲಿಟಿ ಎಂಬ ಕಲ್ಪಿತದೃಶ್ಯವಿದ್ಯೆಯು ವಿಚಾರಿಸತಕ್ಕದ್ದಾಗಿದೆ. 1968ರಲ್ಲಿ ಅಮೇರಿಕೆಯ ಐವನ್ ಸದರ್ಲೆಂಡ್ ಎಂಬ ಪಂಡಿತನು ರಚಿಸಿದ ಇಂಥ ಯಂತ್ರವು ಬಲು ಭಾರವಾಗಿ, ಮೇಲ್ಛಾವಣಿಯಿಂದ ತೂಗುಹಾಕಲ್ಪಟ್ಟಿತ್ತು. ಇಂದು ಅದು ಕಣ್ಣಿಗೆ ಕಟ್ಟಿಕೊಳ್ಳುವ ಕನ್ನಡಕದಷ್ಟಾಗಿದೆ. ಎರಡು ಕಣ್ಣುಗಳಿಗೂ ತುಸು ಭಿನ್ನವಾದ ಎರಡು ಚಿತ್ರಗಳನ್ನು ತೋರುವುದರಿಂದ ಆಳವು ಭಾಸವಾಗುವುದು. ತಲೆ ತಿರುಗಿಸಿದಂತೆ ದೃಶ್ಯವೂ ತಿರುಗುವುದು. ಕಲಿಯುವವಳು ಬಾಯಿಯೊಳಗೇ ನಿಂತಂತೆ ದವಡೆಯ ಹಿಂಬದಿಯನ್ನೂ ನಾಲಗೆಯ ಬುಡವನ್ನೂ ನೋಡಬಹುದು. ಇದರ ಸಹೋದರಿಯಾದ ಆಗ್ಮೆಂಟೆಡ್ ರಿಯಾಲಿಟಿಯು ನಿಜದ ದೃಶ್ಯದ ಮೇಲೆಯೇ ಗುರುತುಗಳನ್ನು ಕೂಡಿಸುವುದು: ಗೊಂಬೆಯ ದವಡೆಗೆ ಮೊಬೈಲನ್ನು ಹಿಡಿದರೆ ಉಜ್ಜದೆ ಬಿಟ್ಟ ಸ್ಥಳವು ಬಣ್ಣದಿಂದ ತೋರುವಂತೆ ಮಾಡಬಹುದು.

ಇವೆಲ್ಲಕ್ಕಿಂತ ಮೇಲಾದ ಪ್ರಯೋಜನವು ಬೇರೊಂದಿದೆ. ಈ ಕನ್ನಡಕವು ಸೊಸೆಯನ್ನು ಅತ್ತೆಯ ಹಾಸಿಗೆಯಲ್ಲಿ ಮಲಗಿಸಬಲ್ಲದು. ಕಣ್ಣು ಮಂಜಾಗಿದೆ, ಮಾತು ಅಸ್ಪಷ್ಟವಾಗಿ ಕೇಳುತ್ತಿದೆ. ಅಷ್ಟರಲ್ಲಿ ಮೇಲಿನಿಂದ ಒಂದು ಕೈಯು ಹೇಳದೆ ಕೇಳದೆ ಬಾಯಿಯತ್ತ ಇಳಿಯುತ್ತದೆ! ಮುದುಕರು ಬಾಯಿ ಬಿಗಿಹಿಡಿಯುವುದು ಹಟವೆಂದು ಬಗೆದವಳಿಗೆ ಅದು ಭಯವೆಂಬುದು ಆ ಕ್ಷಣದಲ್ಲಿ ತಿಳಿಯುವುದು. ನೂರು ಉಪನ್ಯಾಸಗಳಿಂದಲೂ ಇದನ್ನು ತಿಳಿಸುವುದು ಕಷ್ಟವು.

ಯಂತ್ರದ ಮಿತಿಯನ್ನೂ ಹೇಳದಿರಲಾಗದು. ಬಾಯಿಯ ವಾಸನೆ, ಎಂಜಲಿನ ಜಾರು, ನಡುಗುವ ತುಟಿ ಅದರಲ್ಲಿಲ್ಲ. ಕೆಲವರಿಗೆ ತಲೆಸುತ್ತು ತರುವುದು. ಆದಕಾರಣ ಹಾಸಿಗೆ ಹಿಡಿದವರ ಕಣ್ಣಿಗೆ ಅದನ್ನು ಕಟ್ಟತಕ್ಕದ್ದಲ್ಲ, ಆರೈಕೆ ಮಾಡುವವರು ಕಟ್ಟಿಕೊಳ್ಳತಕ್ಕದ್ದು. ರಾಯಚೂರಿನಲ್ಲಿ ದಂತವೈದ್ಯ ವಿದ್ಯಾಲಯಗಳಿವೆ. ಒಂದೆರಡು ಕನ್ನಡಕಗಳು ಊರಿಂದೂರಿಗೆ ತಿರುಗಿದರೆ ಸಾಕು, ಮನೆಗೊಂದು ಬೇಕಿಲ್ಲ. ಕರ್ನಾಟಕ ಸರಕಾರವು 2014-15ರಲ್ಲಿ ದಂತಭಾಗ್ಯವೆಂಬ ಯೋಜನೆಯಿಂದ ಬಡ ವೃದ್ಧರಿಗೆ ಉಚಿತವಾಗಿ ಕೃತಕದಂತಗಳನ್ನು ಕೊಡಿಸಲು ತೊಡಗಿತು. ಪರಂತು ಹಲ್ಲಿನ ಕಟ್ಟನ್ನು ಕೊಟ್ಟು ಅದರ ಆರೈಕೆಯನ್ನು ಕಲಿಸದಿದ್ದರೆ ಅದು ಗೂಡಿನಲ್ಲಿ ಧೂಳುಣ್ಣುವುದು.

ಹೊಸ ಉಪಾಯವೆಂದು ಅಂಜಬೇಕಾದುದಿಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕನು ಬರೆಯಿಸಿದ ಶಾಸನವನ್ನು 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನು ಕಂಡುಹಿಡಿದನಷ್ಟೆ. ಕಲ್ಲಿನಲ್ಲಿ ಕೊರೆದು ಜನರಿಗೆ ತಿಳಿಸುವುದು ಆ ಕಾಲಕ್ಕೆ ನೂತನವೇ ಆಗಿದ್ದಿತು. ದೊಡ್ಡವರಂತೆ ಸಣ್ಣವರೂ ಸಾಧಿಸಬಲ್ಲರೆಂಬುದು ಆ ಶಾಸನದ ಒಂದು ಮಾತು.

ಕನ್ನಡಕವು ಊರಿಗೆ ಬರುವ ತನಕ ಕಾಯಬೇಕಾಗಿಲ್ಲ. ಹಿರಿಯರನ್ನು ಎಬ್ಬಿಸಿ ಕೂಡ್ರಿಸಬೇಕು. ಗದ್ದವು ತುಸು ಎದೆಯತ್ತ ಬಾಗಿರಬೇಕು. ಅಂಗಾತ ಮಲಗಿಸಿ ನೀರು ಹಾಕಲಾಗದು. ಎದುರಿಗೆ ಕುಳಿತು, ಏನು ಮಾಡುವೆನೆಂದು ಮೊದಲು ಹೇಳಿ, ಕುಂಚಿಗೆಯನ್ನು ತೋರಿಸಿ, ಬಳಿಕ ಮುಟ್ಟಬೇಕು. ಹಲ್ಲಿಲ್ಲದ ವಸಡನ್ನು ಒದ್ದೆ ಬಟ್ಟೆಯಿಂದ ಮೆಲ್ಲನೆ ಒರೆಸಬೇಕು. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹಲ್ಲಿನ ಕಟ್ಟನ್ನು ರಾತ್ರಿ ತೆಗೆದು, ಉಜ್ಜಿ, ತಣ್ಣೀರಿನ ಬಟ್ಟಲಿನಲ್ಲಿಡಬೇಕು. ಕುದಿನೀರಿನಲ್ಲಿಟ್ಟರೆ ಅದು ಸೊಟ್ಟಗಾಗಿ ಮರುದಿನ ಬಾಯಿಗೆ ಕೂಡ್ರದು.