ಹಣ ಬಂತು, ಮುಂದೇನು?



ಜಯನಗರದಲ್ಲಿ ನಾವು ಮನೆಗೆಲಸ ಮಾಡುತ್ತೇವೆ. ಗಾರೆ ಕೆಲಸ ಮಾಡುತ್ತೇವೆ. ನಮ್ಮಲ್ಲಿ ಕೆಲವರು ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರು. ಊರಲ್ಲಿ ಮಳೆ ಇಲ್ಲ, ಕೂಲಿ ಇಲ್ಲ. ಅದಕ್ಕೇ ಬಂದೆವು.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ವರ್ಷಕ್ಕೆ ಎಷ್ಟಾಯಿತು? 24,000 ರೂಪಾಯಿ. ಅಕ್ಕಿ, ಬೇಳೆ, ಮಗುವಿನ ಔಷಧಿಗೆ ಆಯಿತು. ಇದು ಸಣ್ಣ ಮಾತಲ್ಲ. ಆದರೆ ಒಂದು ತಿಂಗಳು ಹಣ ಬರದಿದ್ದರೆ? ಮತ್ತೆ ಸಾಲ, ಮತ್ತೆ ಬಡ್ಡಿ.

ಬಡತನ ಪೂರ್ತಿ ಹೋಗೋದು ಹೇಗೆ? ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯ ಸಂಗತಿ ಕೇಳಿ. 2007ರ ಸುಮಾರಿಗೆ ಬಂಧನ್ ಎಂಬ ಸಂಸ್ಥೆ ಅಲ್ಲಿನ ಕಡುಬಡ ಹೆಂಗಸರಿಗೆ ಹಸು, ಆಡು ಕೊಟ್ಟಿತು. ಹಸಿವಾಯಿತೆಂದು ಆಡು ಮಾರಬಾರದಲ್ಲ? ಅದಕ್ಕೆ ಕೆಲವು ತಿಂಗಳು ಊಟದ ಖರ್ಚನ್ನೂ ಕೊಟ್ಟಿತು. ಒಂದೂವರೆ ವರ್ಷ ಜೊತೆಗಿದ್ದು ಸಾಕೋದು, ಉಳಿಸೋದು ಕಲಿಸಿತು. ಹತ್ತು ವರ್ಷದ ಮೇಲೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮುಂತಾದವರು ಲೆಕ್ಕ ನೋಡಿದರು. ಇದು ಸಿಗದ ಬಡವರಿಗಿಂತ ಆ ಮನೆಗಳ ಸಂಪಾದನೆ ಆಗಲೂ ಹೆಚ್ಚಿತ್ತು.

ನೋಡಿದಿರಾ? ಹೊಟ್ಟೆಗೆ ಹಣ ಬೇಕು. ದುಡಿಮೆಗೆ ದಾರಿ ಬೇಕು. ಜೊತೆಗೆ ನಿಲ್ಲುವವರೂ ಬೇಕು. ಹಸಿದವಳಿಗೆ ‘ಉಳಿಸು’ ಎಂದರೆ ಸಾಲದು.

ನಾವು ಸಂಘ ಕಟ್ಟೋಣ. ಹತ್ತು ಜನ ತಿಂಗಳಿಗೆ 200 ರೂಪಾಯಿ ಹಾಕಿದರೆ ವರ್ಷಕ್ಕೆ 24,000. ಸರದಿಯ ಮೇಲೆ ಒಬ್ಬಳಿಗೆ ಹೊಲಿಗೆ ಯಂತ್ರ, ಇನ್ನೊಬ್ಬಳಿಗೆ ಊರಲ್ಲಿ ಆಡು.

ಪಾಸ್‌ಬುಕ್ ನಾವೇ ಓದೋಣ. ಬಂದದ್ದೆಷ್ಟು, ತೆಗೆದದ್ದೆಷ್ಟು? ಈಗ ನಮಗೆ ಓದಲು ಬರುತ್ತದಲ್ಲ!