ರೈತರ ಮಕ್ಕಳು ಮತ್ತು ಕೃಷಿ ಕಾಲೇಜಿನ ಪರೀಕ್ಷೆ
(ರಜತ ಮಹೋತ್ಸವದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಹೈಸ್ಕೂಲಿನ ಮಕ್ಕಳು ಈಗಲೇ ಕೇಳಿಸಿಕೊಳ್ಳಲಿ ಎಂದು ಈ ಮಾತು. ವಿಜಯಪುರದ ಹಿಟ್ನಳ್ಳಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಬಿ.ಎಸ್‌ಸಿ. ಕೃಷಿ ಸೇರಲು ಪಿಯುಸಿ ವಿಜ್ಞಾನ ಓದಿ ಸಿಇಟಿ ಬರೆಯಬೇಕು. ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಗೊಬ್ಬರ, ಸಲಕರಣೆ ಮುಂದಿಟ್ಟು ಇದೇನೆಂದು ಕೇಳುತ್ತಾರೆ.

ಇದು ನಮ್ಮ ಹೊಲದ ಪಾಠವೇ. ಆದರೆ ಟಿಕೋಟಾ, ಬಬಲೇಶ್ವರ ಕಡೆಯ ನಾವು, "ನೀ ಓದು, ಹೊಲದ ಕಡೆ ಬರಬ್ಯಾಡ" ಅಂತೀವಿ. ದ್ರಾಕ್ಷಿ ಬೆಳೆದವರ ಮಗನಿಗೇ ಚಾಟನಿ ಗೊತ್ತಿರುವುದಿಲ್ಲ. ಕುಸುಬಿ ಕಾಳು ತೋರಿಸಿದರೆ ತಡವರಿಸುತ್ತಾನೆ. ಆಮೇಲೆ ಅದನ್ನೇ ಪಟ್ಟಣದಲ್ಲಿ ರೊಕ್ಕ ಕೊಟ್ಟು ಕಲಿಸಬೇಕು!

ರವಿವಾರ ಮಗನನ್ನಷ್ಟೇ ಅಲ್ಲ, ಮಗಳನ್ನೂ ಹೊಲಕ್ಕೆ ಕರಕೊಂಡು ಹೋಗ್ರಿ. ಕೂರಿಗೆಗೂ ಎಡೆಕುಂಟೆಗೂ ಏನು ಫರಕು, ತೋರಿಸ್ರಿ. ಸಂಘಕ್ಕೆ ಗೊಬ್ಬರ ಒಯ್ಯಲು ಬಂದಾಗ ಚೀಲದ ಮೇಲಿನ ಅಂಕಿ ಓದಿಸ್ರಿ. ಯೂರಿಯಾದಲ್ಲಿ ನೂರಕ್ಕೆ 46 ಸಾರಜನಕ. ಡಿಎಪಿಯಲ್ಲಿ 18 ಸಾರಜನಕ, 46 ರಂಜಕ. ಚೀಲ ಹೊರುವ ನಾವೂ ಇದನ್ನು ಓದುವುದು ಕಡಿಮೆ.

ಇನ್ನೊಂದು, ಉತಾರೆ, ಆದಾಯದ ದಾಖಲೆ ಮೊದಲೇ ನೋಡಿಕೊಳ್ರಿ. ಅರ್ಜಿ ಕರೆದ ಮೇಲೆ ಚಾವಡಿಗೆ ಓಡಾಡಿದರೆ ದಿನ ಮೀರುತ್ತದೆ.