ಏಳು ದಿನಗಳ ಶಿಬಿರ, ಎಂಟನೆಯ ದಿನದ ಹೊಣೆ

(ರಾಮಕುಂಜದಲ್ಲಿ ನಡೆದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಿಶೇಷ ಸೇವಾ ಶಿಬಿರದ ಉದ್ಘಾಟನಾ ಸಮಾರಂಭದಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರು ಮಾಡಿದ ಭಾಷಣದ ಪಠ್ಯ)



ನಾನೂ ಎಂಜಿನಿಯರಿಂಗ್ ಪದವೀಧರನೇ. ಇಂತಹುದೇ ಏಳು ದಿನಗಳ ಶಿಬಿರದಲ್ಲಿ ಪಾಲ್ಗೊಂಡವನು. ಆದುದರಿಂದ ಹಿತವಚನಕ್ಕೆ ಮೊದಲು ನನ್ನದೊಂದು ತಪ್ಪನ್ನು ತಮ್ಮ ಮುಂದೆ ನಿವೇದಿಸಿಕೊಳ್ಳುವುದು ಉಚಿತವೆಂದು ಭಾವಿಸುತ್ತೇನೆ.

ಅಂದು ನಾವು ಒಂದು ಹಳ್ಳಿಯ ತೋಡಿಗೆ ಕಲ್ಲಿನ ಕಿರು ತಡೆಗೋಡೆಯನ್ನು ಕಟ್ಟಿದೆವು. ನಕ್ಷೆ ಮತ್ತು ಅಳತೆಯ ಹೊಣೆ ನನ್ನದಾಗಿತ್ತು. ಗೋಡೆಯ ಎರಡೂ ತುದಿಗಳು ದಂಡೆಯೊಳಕ್ಕೆ ಇನ್ನಷ್ಟು ಸೇರಬೇಕೆಂದು ಅಲ್ಲಿನ ಹಿರಿಯ ಕೃಷಿಕರೊಬ್ಬರು ಎರಡು ಬಾರಿ ಹೇಳಿದರು. ಸಮಾರೋಪಕ್ಕೆ ಒಂದೇ ದಿನ ಉಳಿದಿದ್ದ ಕಾರಣ ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಛಾಯಾಚಿತ್ರ ತೆಗೆಸಿಕೊಂಡೆವು, ಪ್ರಮಾಣಪತ್ರ ಪಡೆದೆವು, ಹೊರಟೆವು. ಎರಡು ವರ್ಷಗಳ ಬಳಿಕ ಹೋಗಿ ನೋಡಿದಾಗ ಗೋಡೆ ಗಟ್ಟಿಯಾಗಿಯೇ ನಿಂತಿತ್ತು. ತೋಡು ಮಾತ್ರ ಅದರ ಪಕ್ಕದ ದಂಡೆಯನ್ನು ಕೊರೆದು, ಅದೇ ಕೃಷಿಕರ ಅಡಿಕೆ ತೋಟದ ಅಂಚನ್ನು ಕೊಚ್ಚಿ ಹರಿಯುತ್ತಿತ್ತು. ಅವರು ನನ್ನನ್ನು ದೂರಲಿಲ್ಲ. ಬೆಲ್ಲ ನೀರು ಕೊಟ್ಟು ಕುಳ್ಳಿರಿಸಿದರು. ಆ ಉಪಚಾರವೇ ನನಗೆ ದೊಡ್ಡ ಶಿಕ್ಷೆಯಾಯಿತು.

ಮಿತ್ರರೇ, ಇದಕ್ಕೆ ತದ್ವಿರುದ್ಧವಾದ ಆದರ್ಶವನ್ನು ಹುಡುಕಲು ನಾವು ದೂರ ಹೋಗಬೇಕಿಲ್ಲ. ನೆರೆಯ ಸುಳ್ಯದ ಶ್ರೀ ಗಿರೀಶ್ ಭಾರದ್ವಾಜರು 1973ರಲ್ಲಿ ಮಂಡ್ಯದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜಿನಿಂದ ಮೆಕ್ಯಾನಿಕಲ್ ಪದವಿ ಪಡೆದವರು. 1989ರಲ್ಲಿ ಅರಂಬೂರಿನ ಜನರಿಗಾಗಿ ಪಯಸ್ವಿನಿ ಹೊಳೆಗೆ ತಮ್ಮ ಮೊದಲ ತೂಗುಸೇತುವೆಯನ್ನು ನಿರ್ಮಿಸಿದರು. ಅನಂತರ ಕರ್ನಾಟಕ, ಕೇರಳ ಮೊದಲಾದ ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ತೂಗುಸೇತುವೆಗಳು ಅವರಿಂದ ನಿರ್ಮಾಣಗೊಂಡವು. 2017ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಸೇತುವೆ ಸಿವಿಲ್ ಶಾಖೆಯ ವಿಷಯ, ತಾನು ಮೆಕ್ಯಾನಿಕಲ್ ಎಂದು ಅವರು ಹಿಂಜರಿಯಲಿಲ್ಲ. ಊರಿನ ಅಗತ್ಯವೇ ಅವರಿಗೆ ಪಠ್ಯಕ್ರಮವಾಯಿತು. ಊರವರ ಶ್ರಮವೂ ಆ ಕಾಮಗಾರಿಯಲ್ಲಿ ಸೇರಿತು. ಹೊಳೆಯ ನಡುವೆ ಕಂಬವಿಲ್ಲದೆ ಎರಡು ದಡಗಳ ಆಧಾರದಲ್ಲೇ ನಿಲ್ಲುವ ತೂಗುಸೇತುವೆ, ನೆರೆಯಲ್ಲಿ ಮರದ ದಿಮ್ಮಿಗಳು ತೇಲಿಬರುವ ನಮ್ಮ ಹೊಳೆಗಳಿಗೆ ಒಪ್ಪುವ ರಚನೆ. ನೆಲವನ್ನು ಅರಿತ ತಂತ್ರಜ್ಞಾನವೆಂದರೆ ಇದು.

ಸುಸ್ಥಿರ ಅಭಿವೃದ್ಧಿ ಎಂಬುದು ದೊಡ್ಡ ಪದ. ಅದನ್ನು ಒಂದು ಸಣ್ಣ ಲೆಕ್ಕದಿಂದ ನೋಡೋಣ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಿಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. 100 ಚದರ ಮೀಟರ್ ಛಾವಣಿಯ ಮೇಲೆ ಬೀಳುವ ನೀರು 4 ಲಕ್ಷ ಲೀಟರ್. ಜಲಜೀವನ್ ಮಿಷನ್‌ನ ಮಾನದಂಡದಂತೆ ತಲಾ 55 ಲೀಟರ್ ಎಂದರೆ, ಐವರ ಕುಟುಂಬಕ್ಕೆ ವರ್ಷಕ್ಕೆ ಬೇಕಾದುದು ಸುಮಾರು 1 ಲಕ್ಷ ಲೀಟರ್. ಅಂದರೆ ಅಗತ್ಯದ ನಾಲ್ಕು ಪಾಲು ನೀರು ಅಂಗಳದಿಂದ ತೋಡಿಗೆ, ತೋಡಿನಿಂದ ಕುಮಾರಧಾರೆಗೆ, ಅಲ್ಲಿಂದ ಕಡಲಿಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುತ್ತದೆ. ಇಲ್ಲಿ ಕೊರತೆಯಿರುವುದು ಮಳೆಗಲ್ಲ, ನಮ್ಮ ವ್ಯವಧಾನಕ್ಕೆ.

ಹಿಂದಿನವರು ಮಳೆ ಇಳಿದೊಡನೆ ಮಣ್ಣು, ಕಲ್ಲು, ಸೊಪ್ಪುಗಳಿಂದ ತೋಡಿಗೆ ಕಟ್ಟ ಕಟ್ಟುತ್ತಿದ್ದರು. ಇಂದು ಕಿಂಡಿ ಅಣೆಕಟ್ಟುಗಳಿವೆ. ಆದರೆ ಹಲಗೆಗಳನ್ನು ಸಕಾಲದಲ್ಲಿ ಇಳಿಸದಿದ್ದರೆ ಅವು ನೀರು ನಿಲ್ಲಿಸಲಾರವು. ಮಳೆಗಾಲಕ್ಕೆ ಮುನ್ನ ತೆಗೆಯದಿದ್ದರೆ ಕಸಕಡ್ಡಿ ಸಿಕ್ಕಿ ನೀರು ದಂಡೆಯನ್ನು ಕೊರೆಯುತ್ತದೆ. ಕಟ್ಟುವುದು ಒಮ್ಮೆ, ಕಾಯುವುದು ಪ್ರತಿವರ್ಷ.

ಆದುದರಿಂದ ಈ ಶಿಬಿರದಲ್ಲಿ ಹೊಸದೇನನ್ನೂ ಕಟ್ಟಬೇಡಿರೆಂದು ವಿನಂತಿಸುತ್ತೇನೆ. ಬದಲಾಗಿ ಮೂರು ಕೆಲಸಗಳನ್ನು ಕೈಗೊಳ್ಳಿರಿ. ಮೊದಲನೆಯದು, ಮಕ್ಕಳು ಶಾಲೆಗೆ ದಾಟುವ ಪ್ರತಿಯೊಂದು ಕಾಲುಸಂಕವನ್ನೂ ಅಳೆದು, ಅದರ ಸ್ಥಿತಿಯನ್ನು ದಾಖಲಿಸುವುದು. ಎರಡನೆಯದು, ಕಿಂಡಿ ಅಣೆಕಟ್ಟುಗಳ ಹಲಗೆ ಮತ್ತು ದಂಡೆಗಳನ್ನು ಪರಿಶೀಲಿಸುವುದು. ಮೂರನೆಯದು, ಬಾವಿಗಳ ನೀರಿನ ಮಟ್ಟವನ್ನು ಗುರುತಿಸುವುದು. ಪ್ರತಿ ಸ್ಥಳದಲ್ಲಿಯೂ ಅಲ್ಲಿನ ಒಬ್ಬ ಹಿರಿಯರ ಅಭಿಪ್ರಾಯವನ್ನು ಕೇಳಿ ಬರೆದುಕೊಳ್ಳಿರಿ. ಅದಿಲ್ಲದ ವರದಿಯನ್ನು ನಾನು ಸ್ವೀಕರಿಸುವುದಿಲ್ಲ. ತಮ್ಮ ವರದಿಯನ್ನು ಗ್ರಾಮಸಭೆಯ ಮುಂದಿರಿಸಿ, ವಾರ್ಷಿಕ ಕ್ರಿಯಾಯೋಜನೆ ರೂಪಿಸುವಾಗ ಪರಿಗಣಿಸುವಂತೆ ನೋಡಿಕೊಳ್ಳುವ ಹೊಣೆ ನನ್ನದು.

ಇನ್ನೊಂದೇ ಪ್ರಾರ್ಥನೆ. ಜುಲೈ ತಿಂಗಳಲ್ಲಿ, ಹೊಳೆ ತುಂಬಿರುವಾಗ, ಒಂದು ದಿನ ಮರಳಿ ಬನ್ನಿರಿ. ತಮ್ಮ ಅಳತೆಗಳು ಸರಿಯೋ ತಪ್ಪೋ ಎಂಬುದನ್ನು ಅಂದು ನೀರೇ ಹೇಳುತ್ತದೆ. ಏಳು ದಿನಗಳ ಸೇವೆಗೆ ಪ್ರಮಾಣಪತ್ರವಿದೆ, ಎಂಟನೆಯ ದಿನಕ್ಕಿಲ್ಲ. ಎಂಜಿನಿಯರನ ಹೊಣೆ ಆರಂಭವಾಗುವುದು ಆ ದಿನವೇ.